ತುಂಬಿಸಿ ಕೊಟ್ಟ ಬಾಟಲಿ

ಅವ್ವ ಗೊತ್ತಿಲ್ಲದೆ ಬಾಟಲಿಗೆ ನೀರು ಹಾಕಿದಳು, ಮಗಳ ಅಳತೆ ಕೆಟ್ಟಿತು. ನಮ್ಮ ಮನೆಯವರು ನಗುತ್ತ ಹೇಳುವ ಕಥೆ ಇಷ್ಟೇ. ಮಸ್ಕಿಯ ಮನೆಗೆ ಯಾರೇ ಬರಲಿ, ಅವ್ವ ತಾನೇ ಮುಂದಾಗಿ "ತಪ್ಪು ನಂದರೀ" ಎನ್ನುತ್ತಾಳೆ. ನಾನು ಒಪ್ಪುವುದಿಲ್ಲ. ಅವಳು ಹಾಗೆಂದಾಗ ಎದುರಿಗೆ ಕೂರಲಾರದಷ್ಟು ನಾಚಿಕೆಯಾಗುತ್ತದೆ.

ಪಾಮನಕಲ್ಲೂರಿನ ಅಕ್ಕ ಒಬ್ಬಳ ಹೊಲದಲ್ಲಿ ತೆರೆದ ಬಾವಿ ಇದೆ, ಬದುವಿನಾಚೆ ಒಬ್ಬ ಕಾಕಾನ ಕೃಷಿ ಹೊಂಡ. ತನ್ನ ಹೊಂಡದ ನೀರೇ ಬಸಿದು ಬಾವಿಗೆ ಹೋಗುತ್ತದೆ, ಆಕೆ ಅಲ್ಲಿಂದ ಮೋಟರ್ ಎತ್ತಿಬಿಡಲಿ ಎಂದು ಕಾಕಾನ ತಕರಾರು. ನೀರಿನ ಬಗ್ಗೆ ಸಂಶೋಧನೆ ಮಾಡುವ ನಾನು ಅಳೆದು ಹೇಳಿದಂತೆ ಕೇಳುತ್ತೇವೆಂದು ಇಬ್ಬರೂ ಒಪ್ಪಿದ್ದರು.

ಬಿಸಿಲಿಗೆ ನಿಂತ ನೀರಿನಲ್ಲಿ ಹಗುರ ಕಣಗಳು ಹೆಚ್ಚು ಆವಿಯಾಗಿ ಭಾರದವು ಉಳಿಯುತ್ತವೆ. ಹಾಗಾಗಿ ಹೊಂಡದ ನೀರು ಭಾರ, ಮಳೆ ಇಂಗಿದ ನೀರು ಹಗುರ. ಈ ವ್ಯತ್ಯಾಸವನ್ನು ನಮ್ಮ ಪ್ರಯೋಗಾಲಯದ ಮಾಸ್ ಸ್ಪೆಕ್ಟ್ರೋಮೀಟರ್ ಹಿಡಿಯುತ್ತದೆ. ಆದರೆ ಯಂತ್ರದ ಓದು ದಿನದಿಂದ ದಿನಕ್ಕೆ ಅಲ್ಲಾಡುತ್ತದೆ. ಎಷ್ಟು ಭಾರವೆಂದು ಮೊದಲೇ ಗೊತ್ತಿರುವ ನೀರನ್ನು ಜೊತೆಗೆ ಓದಿಸಿ, ಅದು ತಪ್ಪಿದಷ್ಟು ಉಳಿದದ್ದನ್ನು ತಿದ್ದಬೇಕು. ಅಂಥ ಪ್ರಮಾಣದ ನೀರು ಎರಡು ಬಗೆಯದು ಕಪಾಟಿನಲ್ಲಿತ್ತು. ಅಂಥದೇ ಮೂರನೆಯದೊಂದನ್ನು, ಅರ್ಧ ಬಾಟಲಿಯಷ್ಟು, ಹೊಲಕ್ಕೂ ಒಯ್ದಿದ್ದೆ. ಮಾದರಿಗಳು ದಾರಿಯಲ್ಲಿ ಕೆಟ್ಟರೆ ಅದು ತೋರಿಸಲಿ ಎಂದು.

ವಾಪಸು ಬರುವಾಗ ಮನೆಗೆ ಹೋದೆ. ನಮ್ಮ ಮನೆಯಿಂದ ಯಾವ ಪಾತ್ರೆಯೂ ಅರೆಬರೆಯಾಗಿ ಹೊರಗೆ ಹೋಗುವುದಿಲ್ಲ. ಅವ್ವ ಚೀಲದಲ್ಲಿದ್ದ ಬಾಟಲಿಯನ್ನು ನಲ್ಲಿ ನೀರಿನಿಂದ ಕಂಠದವರೆಗೆ ತುಂಬಿಸಿದ್ದಳು. ಪ್ರಯೋಗಾಲಯದಲ್ಲಿ ಅದರ ಮುಚ್ಚಳ ತೆಗೆದವಳು ನಾನೇ. ಅರ್ಧವಿದ್ದದ್ದು ತುಂಬಿರುವುದನ್ನು ಗಮನಿಸಲಿಲ್ಲ.

ಓದಿಸಿದಾಗ ಕಪಾಟಿನ ಎರಡೂ ಸರಿ ಬಂದವು. ನನ್ನ ಬಾಟಲಿ ಮಾತ್ರ ಇರಬೇಕಾದ್ದಕ್ಕಿಂತ ಹಗುರ.

"ಬಾಟ್ಲ್ಯಾಗ ಏನೋ ಗಡಿಬಿಡಿ ಐತಿ, ಬಿಟ್ಟಬಿಡು," ಎಂದ ಲಿಂಗಸುಗೂರಿನ ಸಹಪಾಠಿ.

"ಯಾಕ ಬಿಡ್ಲಿ? ಕಪಾಟಿನವು ನೆರಳಾಗ ಕುಂತಾವ. ಮಾದರಿ ಜೋಡಿ ಬಿಸಲಾಗ ಅಡ್ಡಾಡಿ ಬಂದಿದ್ದು ಇದೊಂದ. ಸಾಕ್ಷಿ ಯಾರದು ನಂಬಬೇಕು?"

"ಬಿಸಲಾಗ ಅಡ್ಡಾಡಿದ್ರ ಭಾರ ಆಗಬೇಕಲ್ಲಬೇ, ಹಗುರ ಹೆಂಗಾತು?"

"ಯಂತ್ರ ಕಮ್ಮಿ ಓದಾಕತ್ತೈತಿ, ಅದಕ್ಕ."

"ಆತು ತಾಯಿ. ನಿನ್ನ ಜೋಡಿ ಮಾತಾಡಿ ಯಾರು ಗೆದ್ದಾರ?"

ಅವನ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ, ಮಾತಿತ್ತು. ಸಿಂಧನೂರಿನ ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಕಲಿತದ್ದೇ ಅದು: ಎದುರಿನವರು ಸುಮ್ಮನಾದರೆ ನಾನು ಸರಿ. ಬಾಟಲಿ ತೋರಿಸಿದ ಕೊರತೆಯನ್ನು ಬಾವಿಯ ಅಂಕಿಗೆ ಕೂಡಿಸಿದೆ. ಹೊಂಡದ ನೀರನ್ನು ಹಿಂದೆಯೇ, ಬೇರೆ ದಿನ, ಸರಿಯಾಗಿ ಅಳೆದಾಗಿತ್ತು. ಈಗ ಎರಡೂ ಒಂದೇ ಆದವು. ಊರ ಕಟ್ಟೆಯ ಮೇಲೆ ನಿಂತು, ಬಾವಿಯಲ್ಲಿರುವುದು ಹೊಂಡದ ನೀರು ಎಂದೆ. ಅಕ್ಕ ಒಂದು ಮಾತೂ ಎದುರಾಡದೆ ಮೋಟರ್ ಎತ್ತಿಸಿದಳು.

ಮುಂದಿನ ಸಲ ಮಸ್ಕಿಗೆ ಹೋದಾಗ ಅವ್ವ ಕೇಳಿದಳು, "ಬಾಟ್ಲಿ ತುಂಬಿಸಿ ಇಟ್ಟಿದ್ದೆ. ದಾರ್ಯಾಗ ಚೆಲ್ಲಲಿಲ್ಲ ಹೌದಿಲ್ಲೋ?"

ಬಾವಿಯ ಮಾದರಿಯನ್ನು ಕಪಾಟಿನ ನೀರಿನ ಜೊತೆ ಮತ್ತೆ ಓದಿಸಿದೆ. ಹಗುರ. ಮಳೆಯ ನೀರೇ.

ಪಾಮನಕಲ್ಲೂರಿಗೆ ಹೋದರೆ ಅಕ್ಕನ ಮೆಣಸಿನ ಸಸಿಗಳು ತಲೆ ಬಾಗಿಸಿದ್ದವು. ಆಕೆ ದೂರದಿಂದ ಕೊಡ ಹೊತ್ತು ತಂದು ಬುಡಬುಡಕ್ಕೆ ಹನಿಸುತ್ತಿದ್ದಳು. ತಪ್ಪಾಯಿತು ಎಂದು ಹೇಳಿದೆ. "ಆ ಮಾತು ಕಾಕಾಗ ಹೇಳವಾ," ಎಂದಳು, ತಲೆ ಎತ್ತಲಿಲ್ಲ.

ಕಾಕಾ ಹೊಂಡದ ದಂಡೆಯ ಮೇಲೆ ಕೂತಿದ್ದ.

"ಏನವಾ, ಆವತ್ತು ಕಟ್ಟಿ ಮ್ಯಾಲ ಅಷ್ಟು ಜೋರು ಮಾತಾಡಿದ್ದಿ. ಇವತ್ತ ದನಿ ಯಾಕ ಇಳದೈತಿ?"

"ಬಾಟ್ಲ್ಯಾಗ ಬ್ಯಾರೆ ನೀರು ಕೂಡಿತ್ರಿ. ನಾ ಹೇಳಿದ್ದು ತಪ್ಪು. ಬಾವಿ ನೀರು ಅಕ್ಕಂದ."

"ಊರ ಮಂದಿ ಮುಂದ ಹೇಳಿದ್ದು ಹೇಳಿ ಮುಗದೈತಿ. ನಾಳೆ ಇನ್ನೊಂದು ಬಾಟ್ಲಿ ತಂದು ಮತ್ತೊಂದು ಹೇಳ್ತಿ."

ಅವನು ಟವೆಲ್ ಕೊಡವಿಕೊಂಡು ಏಳತೊಡಗಿದ.

"ಕಾಕಾ, ಅಕ್ಕ ಇವತ್ತ ಬಾವ್ಯಾಗ ಮೋಟರ್ ತಿರುಗಿ ಇಳಿಸಿದ್ರ ನೀವು ಅಡ್ಡ ಬರ್ತೀರೇನ್ರಿ?"