ಗುಂಡನ ಗಿಟಾರಿಗೆ ಮೂಳೆಯ ಪಿನ್ನು

ನಮ್ಮಣ್ಣನಿಗೆ ಗಿಟಾರು ನುಡಿಸಲು ಬರುವುದಿಲ್ಲ. ರಿಪೇರಿ ಮಾಡಲು ಬರುತ್ತದೆ, ಅಷ್ಟೆ. ಅಂಗಡಿಯ ಹಿಂಭಾಗ ಅವನದು, ಬೀದಿ ಕಡೆ ನನ್ನ ಹೊಲಿಗೆ ಮಿಷನ್ನು. ಅವನ ಮೂಳೆಪುಡಿ ನನ್ನ ಬಟ್ಟೆಯ ಮೇಲೆ ಬೀಳುತ್ತದೆ, ನನ್ನ ದಾರದ ಚೂರು ಅವನ ಅಂಟಿಗೆ ಮೆತ್ತಿಕೊಳ್ಳುತ್ತದೆ. ಇದಕ್ಕಾಗಿ ನಾವು ಜಗಳವಾಡದ ದಿನವಿಲ್ಲ.

ಮೂಳೆಪುಡಿ ಎಂದರೆ ಗಾಬರಿಯಾಗಬೇಡಿ. ಗಿಟಾರಿನ ಮೈಮೇಲೆ ತಂತಿಗಳು ಹಾದುಹೋಗುವ ಬಿಳಿ ಪಟ್ಟಿಗೆ ಸ್ಯಾಡಲ್ ಅನ್ನುತ್ತಾರೆ. ಅದರ ಹಿಂದೆ, ತಂತಿಗಳ ಬುಡವನ್ನು ತೂತಿನೊಳಗೆ ಒತ್ತಿ ಹಿಡಿಯುವ ಪುಟ್ಟ ಗೂಟಗಳೇ ಪಿನ್ನುಗಳು. ಅಗ್ಗದ ಗಿಟಾರಿನಲ್ಲಿ ಎರಡೂ ಪ್ಲಾಸ್ಟಿಕ್ಕು. ಅವನ್ನು ಕಿತ್ತು ಮೂಳೆಯದನ್ನು ಉಜ್ಜಿ ಕೂರಿಸಿದರೆ ನಾದ ತಿಳಿಯಾಗುತ್ತದೆ. ಊರವರ ಗಿಟಾರುಗಳಿಗೆಲ್ಲ ಅಣ್ಣ ಇದನ್ನು ಮಾಡಿಕೊಟ್ಟ. ಸ್ವಂತ ಮಗನದಕ್ಕೆ ಮಾತ್ರ ಪುರುಸೊತ್ತಾಗಲಿಲ್ಲ.

"ಅಪ್ಪಾ, ನಂದಕ್ಕೂ ಮೂಳೇದು ಹಾಕ್ಕೊಡಪ್ಪ" ಎಂದು ಮಗ ದುಂಬಾಲು ಬೀಳುತ್ತಿದ್ದ. "ಇರೋ, ಗಿರಾಕಿಗಳದ್ದು ಮುಗೀಲಿ" ಎಂದು ಇವನು. ಕಡ್ಡಿಯಂತಿದ್ದ ಆ ಹುಡುಗನನ್ನು ನಾವೆಲ್ಲ ಗುಂಡ ಎಂದೇ ಕರೆಯುತ್ತಿದ್ದೆವು. ಅವನಿಗೆ ಜ್ವರ ಬಂತು. ಆಸ್ಪತ್ರೆಗೆ ನಡೆದುಕೊಂಡೇ ಹೋದ, ನಡೆದುಕೊಂಡು ವಾಪಸ್ಸು ಬರಲಿಲ್ಲ.

ಗಿಟಾರು ಅವನ ಕೋಣೆಯ ಗೋಡೆಯಲ್ಲೇ ಉಳಿಯಿತು. ಒಂದು ಮಧ್ಯಾಹ್ನ ಅತ್ತಿಗೆ ಅಲ್ಲಿ ಕಸ ಗುಡಿಸುತ್ತಿದ್ದವಳು, ಹಳೆಯ ಅಭ್ಯಾಸದಲ್ಲಿ, "ಗುಂಡಾ, ಕಾಲೆತ್ತೋ" ಎಂದುಬಿಟ್ಟಳು. ಗೋಡೆಯ ಕಡೆಯಿಂದ ಗುಂಯ್ ಎಂದು ದನಿ ಬಂತು. ಪೊರಕೆ ಕೈಯಿಂದ ಜಾರಿತು. ಮತ್ತೆ "ಗುಂಡಾ" ಎಂದಳು. ಮತ್ತೆ ಅದೇ ದನಿ, ಅವನು ಅರೆನಿದ್ದೆಯಲ್ಲಿ "ಹೂಂ" ಅನ್ನುತ್ತಿದ್ದ ಹಾಗೆ.

ನಾನೂ ಹೋಗಿ ಕೇಳಿದೆ. ನಾನು ಕರೆದರೆ ಅದು ಜಪ್ಪಯ್ಯ ಅಂದರೂ ಮಾತಾಡದು, ಅತ್ತಿಗೆ ಕರೆದರೆ ಮಾತ್ರ ಓಗೊಡುತ್ತಿತ್ತು.

ಅಣ್ಣ ಬಂದು ಪಿನ್ನುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದ. "ಈ ಪಿನ್ನು ಸಡಿಲ ಆಗಿದೆ. ಇವಳ ದನಿ ಈ ತಂತಿಯ ಶ್ರುತಿಗೆ ಸರಿಯಾಗಿ ಕೂತ್ಕೊಳ್ಳುತ್ತೆ. ತಂತಿ ಅದುರಿದಾಗ ಪಿನ್ನು ಗುಂಯ್ಗುಡುತ್ತೆ. ದೆವ್ವ ಗಿವ್ವ ಏನೂ ಇಲ್ಲ" ಎಂದ.

"ನನ್ ಮಗನ್ನ ದೆವ್ವ ಅಂತೀರಾ?" ಎಂದಳು ಅತ್ತಿಗೆ.

ಆಮೇಲೆ ಅವಳು ಆ ಕೋಣೆ ಬಿಟ್ಟು ಕದಲಲಿಲ್ಲ. ಪಕ್ಕದ ಮನೆಯ ಸುದ್ದಿ, ನಲ್ಲಿ ಸೋರುವ ಸುದ್ದಿ, ಎಲ್ಲ ಆ ಗಿಟಾರಿಗೇ ಹೇಳುತ್ತಿದ್ದಳು. ತಟ್ಟೆಯಲ್ಲಿ ಬಡಿಸಿಟ್ಟ ಊಟ ಒಣಗುತ್ತಿತ್ತು. ಬಟ್ಟೆ ಹೊಲಿಯುವವಳಾದ ನನಗೆ ಅವಳ ರವಿಕೆ ಸಡಿಲವಾಗುತ್ತಿರುವುದು ಎಲ್ಲರಿಗಿಂತ ಮೊದಲು ಕಂಡಿತು. ಅವಳೂ ಹೊರಟುಹೋಗುತ್ತಾಳೆಂದು ನನಗೆ ಹೆದರಿಕೆಯಾಯಿತು.

ಒಂದು ದಿನ ಗಿಟಾರನ್ನು ಎದೆಗವಚಿಕೊಂಡು ಅಂಗಡಿಗೇ ಬಂದಳು. "ರೀ, ಅವನಿನ್ನೂ ಕೇಳ್ತಾನೇ ಇದಾನೆ. ಮೂಳೇದು ಹಾಕ್ಕೊಡಿ. ಸಿಕ್ಕಿದ್ರೆ ಹೋಗ್ತಾನೆ, ಪಾಪ."

ಅಣ್ಣ "ನಾಳೆ ನೋಡೋಣ" ಎಂದ. ಮರುದಿನವೂ ನಾಳೆ ಎಂದ. ನನಗೆ ರೇಗಿಹೋಯಿತು.

"ಬದುಕಿದ್ದಾಗಲೂ ನಾಳೆ, ಸತ್ತ ಮೇಲೂ ನಾಳೇನಾ?"

"ಹಾಕಿದ್ರೆ ದನಿ ನಿಂತುಹೋಗುತ್ತೆ ಕಣೇ."

"ನಿಲ್ಲಲಿ ಬಿಡು! ಪಿನ್ನು ಸಡಿಲ ಅಂತ ಹೇಳಿದ್ದು ನೀನೇ ಅಲ್ವಾ?"

ಅವನು ತಂತಿಗಳನ್ನು ಸಡಿಲಿಸಿ ಬಿಚ್ಚತೊಡಗಿದ.

ಇಷ್ಟು ಮುತುವರ್ಜಿಯ ಕೆಲಸವನ್ನು ಅವನು ಯಾರಿಗೂ ಮಾಡಿಕೊಟ್ಟಿದ್ದನ್ನು ನಾನು ನೋಡಿಲ್ಲ. ಗಾಜಿನ ಮೇಲೆ ಮರಳುಕಾಗದ ಹಾಸಿ ಸ್ಯಾಡಲ್ಲಿನ ತಳವನ್ನು ಉಜ್ಜುವುದು, ಅದು ಕೂರುವ ಸೀಳಿನೊಳಗಿಟ್ಟು ಬೆಳಕಿಗೆ ಹಿಡಿದು ನೋಡುವುದು, ಮತ್ತೆ ಉಜ್ಜುವುದು. ಒಂದೊಂದು ಪಿನ್ನಿಗೂ ಅದರದರ ತೂತನ್ನು ಹದ ಮಾಡಿ, ತಂತಿಯ ಬುಡ ಒಳಗಿನ ಮರಕ್ಕೆ ಕಚ್ಚಿತೋ ಇಲ್ಲವೋ ಎಂದು ಕೈ ತೂರಿಸಿ ತಡವಿದ. ಮಧ್ಯೆ ನಾನು ಕೊಟ್ಟ ಕಾಫಿ ಹಾಗೇ ತಣ್ಣಗಾಯಿತು. ಕೊನೆಗೆ ತಂತಿ ಮೀಟಿದಾಗ ಹೊರಟ ನಾದಕ್ಕೆ ನನ್ನ ಕಣ್ಣಲ್ಲಿ ನೀರು ಬಂತು.

ಅತ್ತಿಗೆ ಗಿಟಾರನ್ನು ಮತ್ತೆ ಕೋಣೆಯ ಗೋಡೆಗೆ ತೂಗುಹಾಕಿ, "ಗುಂಡಾ" ಎಂದಳು. ಸದ್ದಿಲ್ಲ. ದನಿ ಒಂದಿಷ್ಟೂ ಬದಲಿಸದೆ ಮತ್ತೆ ಕರೆದಳು. ಏನೂ ಇಲ್ಲ. "ಸಿಕ್ತು ಅವನಿಗೆ. ಹೋದ" ಎಂದಳು. ಮುಖ ತೊಳೆದುಕೊಂಡು ಬಂದು ನಮ್ಮ ಜೊತೆ ಕೂತು ಊಟ ಮಾಡಿದಳು. ಸದ್ಯ ಬದುಕಿದೆವು ಎಂದುಕೊಂಡೆ.

ಕೆಲವು ದಿನ ಕಳೆದ ಮೇಲೆ, ಊಟ ಮುಗಿಸಿ ಅಂಗಡಿಗೆ ಬಂದಾಗ, ಒಳಗೆ ಅತ್ತಿಗೆ "ಗುಂಡಾ, ಗುಂಡಾ" ಎಂದು ಕರೆಯುವುದು ಕೇಳಿಸಿತು. ಅತ್ತಿಗೆಯನ್ನು ನಾನು ಈಗಷ್ಟೇ ಮನೆಯಲ್ಲಿ ಬಿಟ್ಟು ಬಂದಿದ್ದೆ.

ಒಳಗೆ ಅಣ್ಣ. ಗೋಡೆಯಿಂದ ಇಳಿಸಿ ತಂದ ಗುಂಡನ ಗಿಟಾರು ತೊಡೆಯ ಮೇಲಿತ್ತು. ಅಷ್ಟು ದೊಡ್ಡ ಗಂಡಸು ಕತ್ತು ಬಿಗಿಹಿಡಿದು, ಹೆಂಡತಿಯ ದನಿಯನ್ನು ತನ್ನ ಗಂಟಲಿನಿಂದ ಹೊರಡಿಸಿ ಕರೆಯುತ್ತಿದ್ದ. ಕರೆದು, ತಂತಿಗಳ ಹತ್ತಿರ ಕಿವಿ ತರುತ್ತಿದ್ದ. ನನ್ನನ್ನು ಕಂಡೂ ನಿಲ್ಲಿಸಲಿಲ್ಲ. ನಾನು ಭುಜ ಹಿಡಿದು ಅಲ್ಲಾಡಿಸಿದ ಮೇಲೆ ತನ್ನ ದನಿಗೆ ಮರಳಿದ.

"ಒಂದು ಪಿನ್ನಾದ್ರೂ ಸಡಿಲ ಬಿಡಬಹುದಿತ್ತು ಕಣೇ. ಗುಂಡನ ಗಿಟಾರು ನೋಡು, ಕೆಲಸ ಕೆಡಿಸೋಕೆ ಕೈ ಬರ್ಲಿಲ್ಲ."