ಜಂಪಣ್ಣನವರಿಗೆ ಜಂಪಣ್ಣನವರ ಫೋನು

ಜಗಳೂರಿನ ನಮ್ಮ ಕುರಿಗಾರರ ಸಂಘದಲ್ಲಿ ‘ಕಂಪ್ಯೂಟರ್ ವಿಭಾಗ’ ಎಂಬುದೊಂದಿದೆ. ಒಂದು ಟೇಬಲ್ಲು, ಒಂದು ಕಂಪ್ಯೂಟರು, ತಿರುಗುವಾಗ ಗೊಣಗುವ ಒಂದು ಫ್ಯಾನು, ಮತ್ತು ಗುರುಸ್ವಾಮಿ. ಮುಖ್ಯಸ್ಥನೂ ಅವನೇ, ಸಿಬ್ಬಂದಿಯೂ ಅವನೇ, ಹೀಗಾಗಿ ಒಳಜಗಳವಿಲ್ಲ. ಮೊದಲು ಬಸ್ ಸ್ಟ್ಯಾಂಡಿನಲ್ಲಿ “ದಾವಣಗೆರೆ, ದಾವಣಗೆರೆ” ಎಂದು ಕೂಗಿ ಖಾಸಗಿ ಬಸ್ಸಿಗೆ ಜನ ಹತ್ತಿಸುತ್ತಿದ್ದವನು. ಗಂಟಲು ಕೈಕೊಟ್ಟ ಮೇಲೆ ಟೈಪಿಂಗ್ ಕಲಿತ, ಮೊಬೈಲಿನಲ್ಲಿ ವಿಡಿಯೊ ನೋಡಿ ಪ್ರೋಗ್ರಾಂ ಬರೆಯುವುದನ್ನೂ ಕಲಿತ. ಈಗ ಹೆಂಡತಿ ಆಶಾ “ಒಂದು ಕೊಡ ನೀರು ತರ್ರಿ” ಎಂದರೂ “ಕೋಡಿಂಗ್ ನಡದೈತೆ” ಎನ್ನುತ್ತಾನೆ.

ಅವನ ಪ್ರೋಗ್ರಾಂ ಮಾತ್ರ ನಿಜಕ್ಕೂ ಕೆಲಸಕ್ಕೆ ಬರುವಂಥದ್ದು. ಕುರಿ ಹಿಂದೆ ಹೋಗುವವರಲ್ಲಿ ಓದು ಬಾರದವರೇ ಹೆಚ್ಚು. ಮೆಸೇಜು ಕಳಿಸಿ ಪ್ರಯೋಜನವಿಲ್ಲ. ಅದಕ್ಕೆಂದೇ ಸದಸ್ಯರೆಲ್ಲರಿಗೂ ಒಟ್ಟಿಗೆ ಫೋನು ಹೋಗಿ, ಅಧ್ಯಕ್ಷ ಜಂಪಣ್ಣನವರ ದನಿ ಕೇಳಿಸುವಂತೆ ಮಾಡಿದ್ದ. ಲಸಿಕೆ ಬಂದ ದಿನ ಕಳಿಸಲು ಅವರು ಮೊದಲೇ ರೆಕಾರ್ಡ್ ಮಾಡಿಟ್ಟಿದ್ದರು: “ನಾನು ನಿಮ್ಮ ಅಧ್ಯಕ್ಷ ಜಂಪಣ್ಣ. ಲಸಿಕೆ ಬಂದೈತೆ. ಕೂಡ್ಲೆ ಕುರಿ ಹೊಡಕೊಂಡು ಸಂಘದ ಬಯಲಿಗೆ ಬರ್ರಿ.” ಲಸಿಕೆ ಇನ್ನೂ ಬಂದಿರಲಿಲ್ಲ.

ಜಂಪಣ್ಣನವರಿಗೆ ಒಂದೇ ಕೊರಗು. “ಎಲ್ಲಾರಿಗೂ ನನ್ನ ಫೋನು ಬರುತ್ತೆ, ನನಗೇ ಬರಾಕಿಲ್ಲವಲ್ಲೋ!” ಅವರ ನಂಬರಿನ ಮುಂದೆ ಯಾರೋ ಒಂದು ಸೊನ್ನೆ ಸೇರಿಸಿದ್ದರು. ಗುರುಸ್ವಾಮಿ ನಂಬರು ತಿದ್ದುವ ಒಂದು ಫಂಕ್ಷನ್, ಅಂದರೆ ಆ ಕೆಲಸವೊಂದನ್ನೇ ಮಾಡುವ ಒಂದು ತುಂಡನ್ನು ಪ್ರೋಗ್ರಾಮಿನ ದೊಡ್ಡ ಫೈಲಿನಲ್ಲಿ ಬರೆದು, ಫೋನು ಹಚ್ಚುವಾಗ ಮೊದಲು ಅದನ್ನು ಕರೆಯುವಂತೆ ಮಾಡಿದ. ಇಂಥ ತುಂಡುಗಳು ಫೈಲಿನಲ್ಲಿ ಎಷ್ಟಿದ್ದರೂ ಸುಮ್ಮನೆ ಮಲಗಿರುತ್ತವೆ; ಹೆಸರು ಹಿಡಿದು ಕರೆದಾಗಲೇ ಏಳುತ್ತವೆ. ಇದೊಂದನ್ನು ಪರೀಕ್ಷೆ ಮಾಡೋಣವೆಂದು ಬೇರೊಂದು ಚಿಕ್ಕ ಫೈಲು ತೆರೆದು, ದೊಡ್ಡ ಫೈಲಿನಿಂದ ಈ ಫಂಕ್ಷನ್ನನ್ನು ಕಡ ತಂದ.

ಕಡ ಕೊಡುವ ಮುಂಚೆ ಕಂಪ್ಯೂಟರು ದೊಡ್ಡ ಫೈಲನ್ನು ಮೇಲಿನಿಂದ ಕೆಳಗಿನವರೆಗೂ ಓದುತ್ತದೆ. ಕಟ್ಟಕಡೆಯಲ್ಲಿ, ಯಾವ ತಡೆಯೂ ಇಲ್ಲದೆ, ‘ಎಲ್ಲರಿಗೂ ಫೋನು ಹಚ್ಚು’ ಎಂಬ ಸಾಲು ನಿಂತಿತ್ತು. ಕಂಪ್ಯೂಟರು ಅದನ್ನೂ ಓದಿತು. ಓದಿದ್ದನ್ನು ಮಾಡಿತು.

ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಜಂಪಣ್ಣನವರ ಜೇಬು ರಿಂಗಣಿಸಿತು.

“ಹಲೋ, ಯಾರ್ರೀ?” ಎಂದರು. ಕೇಳಿಸಿಕೊಂಡರು. ಮುಖದ ಬಣ್ಣ ಇಳಿಯಿತು. “ಗುರುಸ್ವಾಮಿ, ನಾನು ಮಾತಾಡಾಕೆ ಹತ್ತೀನಲ್ಲೋ!”

ಸೊನ್ನೆ ಹೋಗಿತ್ತು. ಫಂಕ್ಷನ್ ಸರಿಯಾಗಿತ್ತು. ಫೋನು ಹೋದದ್ದು ಹೇಗೆಂಬುದು ಮಾತ್ರ ಗುರುಸ್ವಾಮಿಗೆ ಹೊಳೆಯಲಿಲ್ಲ. ಅದೇ ಪರೀಕ್ಷೆಯನ್ನು ಇನ್ನೊಮ್ಮೆ ಓಡಿಸಿದ. ಜಂಪಣ್ಣನವರ ಜೇಬು ಮತ್ತೆ ರಿಂಗಣಿಸಿತು.

ಸುದ್ದಿ ಕೇಳಿ ಪಶುವೈದ್ಯೆ ಚೈತ್ರಶ್ರೀ ಓಡಿಬಂದರು. “ಏನ್ ಮಾಡೀರಿ ನೀವು? ದ್ಯಾಮಮ್ಮನ ಹಟ್ಟೀಲಿ ಕುರಿ ಕೆಮ್ಮಾಕೆ ಹತ್ತ್ಯಾವೆ. ಬೇರೆ ಮಂದೆ ಜೊತೆ ಸೇರಿಸಬ್ಯಾಡ ಅಂತ ನಿನ್ನೆ ಹೇಳಿ ಬಂದೀನಿ. ಅವು ಬಯಲಿಗೆ ಬಂದ್ರೆ ಊರೂರಿಗೆ ರೋಗ ಹೋಗುತ್ತೆ!”

ಗುರುಸ್ವಾಮಿ ಆ ಕೊನೆಯ ಸಾಲನ್ನು ಒಂದು ಷರತ್ತಿನೊಳಗೆ ಕಟ್ಟಿಹಾಕಿದ: ಈ ಫೈಲನ್ನೇ ನೇರವಾಗಿ ಓಡಿಸಿದರೆ ಮಾತ್ರ ಫೋನು ಹಚ್ಚು, ಬೇರೆಯವರು ಕಡ ಕೇಳಿದರೆ ಸುಮ್ಮನಿರು. “ಈಗ ‘ಬರಬ್ಯಾಡ್ರಿ’ ಅಂತ ಹೇಳ್ರಿ ಅಧ್ಯಕ್ಷರೇ, ಕಳಿಸ್ತೀನಿ.”

“ನನ್ನ ದನೀಲಿ ತಪ್ಪಾತು ಅಂತ ಹೇಳಾಕಿಲ್ಲ ನಾನು. ನೀನೇ ಹೇಳು.”

ಬಸ್ ಸ್ಟ್ಯಾಂಡಿನಲ್ಲಿ ಸವೆದ ಗಂಟಲಲ್ಲೇ ಗುರುಸ್ವಾಮಿ ಹೇಳಿದ. ಫೋನುಗಳು ಹೋದವು. ಬಹಳ ಜನ ನಿಂತಲ್ಲೇ ನಿಂತರು, ಬೈದರು, ತಿರುಗಿದರು. ದ್ಯಾಮಮ್ಮ ಮಾತ್ರ ಫೋನು ಎತ್ತಲಿಲ್ಲ.

ಗುರುಸ್ವಾಮಿ ಅಧ್ಯಕ್ಷರನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹೊರಟ. ಕೆರೆ ಏರಿಯ ಮೇಲೆ ಮಂದೆ ಸಿಕ್ಕಿತು. ಮುಂದಿನ ಟಗರೇ ಕೆಮ್ಮುತ್ತಿತ್ತು. ಆಚೆ ತಿರುವಿನಲ್ಲಿ ಇನ್ನೊಂದು ಮಂದೆಯ ಧೂಳು ಕಾಣುತ್ತಿತ್ತು.

“ಯಕ್ಕಾ, ನಿಲ್ಲಿಸು! ಲಸಿಕೆ ಬಂದಿಲ್ಲ!” ಗುರುಸ್ವಾಮಿ ಕೈ ಅಗಲಿಸಿ ನಿಂತ.

“ಸರಿಯೋ ಅತ್ತಾಗೆ,” ದ್ಯಾಮಮ್ಮ ಕೋಲೆತ್ತಿದಳು. “ಅಧ್ಯಕ್ಷರು ಎರಡು ಸತಿ ಫೋನ್ ಮಾಡಿ ಹೇಳ್ಯಾರೆ. ಮೂರ್ನೇ ಸತಿ ಮಾಡಿದ್ರು, ಬರಾಕೆ ಹತ್ತೀನಲ್ಲ ಅಂತ ಎತ್ತಲಿಲ್ಲ.”

“ಅದು ನಾನು ಮಾಡಿದ್ದು!”

“ಅಧ್ಯಕ್ಷರ ದನಿ ನನಗೆ ಗೊತ್ತಿಲ್ಲೇನು? ನಿಂದು ಕಪ್ಪೆ ದನಿ.”

ಕುರಿಗಳು ಗುರುಸ್ವಾಮಿಯ ಕಾಲ ಸಂದಿಯಲ್ಲೇ ನುಗ್ಗತೊಡಗಿದವು. ಜಂಪಣ್ಣನವರು ಕೆಮ್ಮುವ ಟಗರನ್ನು ನೋಡಿದರು, ಆಚೆಯ ಧೂಳನ್ನು ನೋಡಿದರು. ಬಿಳಿ ಪಂಚೆ ಎತ್ತಿ ಕಟ್ಟಿ ಮಂದೆಯ ನಡುವೆ ಇಳಿದರು.

“ದ್ಯಾಮವ್ವ, ನಾನು ಜಂಪಣ್ಣ. ತಪ್ಪಾತು. ಲಸಿಕೆ ಬಂದಿಲ್ಲ, ವಾಪಸ್ ಹೋಗವ್ವ.”

ಆಕೆ ಕೋಲು ಕೆಳಗಿಳಿಸಿದಳು. “ಹಂಗಾರೆ ಫೋನಿನಾಗೆ ಸುಳ್ಳು ಹೇಳಿದ್ದು ನೀವೇನಾ?”

ಜಂಪಣ್ಣನವರು ಗುರುಸ್ವಾಮಿಯತ್ತ ನೋಡಿದರು. ಅವನು ಕೆರೆಯತ್ತ ನೋಡಿದ.

“ನಾನೇ,” ಎಂದರು.

ದ್ಯಾಮಮ್ಮ ನಾಲಿಗೆ ಮಡಿಸಿ ಒಂದು ಸಿಳ್ಳೆ ಹಾಕಿದಳು. ಮಂದೆ ನಿಂತಿತು, ತಲೆ ತಿರುಗಿಸಿತು, ಬಂದ ದಾರಿ ಹಿಡಿಯಿತು.

“ಖರೇನೇ ಲಸಿಕೆ ಬಂದಾಗ ನಮಗೆ ಹೆಂಗೆ ತಿಳೀಬೇಕು?” ಎಂದಳು, ನಡೆಯುತ್ತಲೇ.

“ನಾನೇ ಹಟ್ಟಿಗೆ ಬಂದು ಹೇಳ್ತೀನವ್ವ.”

“ಬರ್ರಿ. ಆ ಕಪ್ಪೇನ ಮಾತ್ರ ಕರಕೊಂಡು ಬರಬ್ಯಾಡ್ರಿ.”