ಎಮ್ಮೆಗಾಗಿ ಬಿಟ್ಟುಬಂದ ಸೀರೆ

ಗೆಳತಿಯರೇ, ಇವತ್ತು ನಾಟಕ ಕಂಪನಿಯ ಯುದ್ಧದಿಂದಾಗಿ ಪೆಟ್ರೋಲು ಸಿಗದೆ ಇದ್ದಿಲಿನಿಂದ ಓಡುವ ವ್ಯಾನು ಭಾಗ್ಯನಗರದ ನಮ್ಮ ಮನೆ ಮುಂದೆ ಬಂದು ನಿಂತಿತು. ಬೇಸಿಗೆಯೆಲ್ಲ ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸುತ್ತಬೇಕು. ನಮ್ಮ ಮನೆಯವರು ಹಾರ್ಮೋನಿಯಂ ನುಡಿಸುವ ಪೇಟಿ ಮಾಸ್ತರು, ನಾನು ಕಂಪನಿಯ ಅಡುಗೆಯವಳು. ಹೊರಡುವ ಹೊತ್ತಿಗೆ ನಮ್ಮ ಎಮ್ಮೆ, ನಾವು ಬರುವವರೆಗೆ ಅದನ್ನು ನೋಡಿಕೊಳ್ಳಬೇಕಿದ್ದ ಪಕ್ಕದ ಮನೆಯ ಗಂಗಕ್ಕನಿಗೆ ಹಾಲು ಕರೆಯಲು ಬಿಡದೆ ಒದ್ದುಬಿಟ್ಟಿತು. ನಾನು ಒಳಗೆ ಹೋಗಿ ಬೇರೆ ಸೀರೆ ಉಟ್ಟು, ಮೈಮೇಲಿದ್ದ ಹಳೆಯದನ್ನು ಗಂಗಕ್ಕನಿಗೆ ಉಡಿಸಿದೆ. ಎಮ್ಮೆ ಅದನ್ನು ಮೂಸಿ ನೋಡಿ, ಸುಮ್ಮನೆ ನಿಂತು ಹಾಲು ಕೊಟ್ಟಿತು.

"ಇರೂವು ಎರಡ ಸೀರಿ. ಬ್ಯಾಸಗಿ ಎಲ್ಲಾ ಒಂದರಾಗ ಹೆಂಗ ಕಳೀತಿ?" ಎಂದು ಮನೆಯವರು ರೇಗಿದರು.

"ಗಂಗಕ್ಕ ನನ್ನ ಪಾರ್ಟು ಮಾಡಬೇಕಲ್ರಿ, ವೇಷ ಬ್ಯಾಡೇನ್ರಿ?" ಎಂದೆ.

ವ್ಯಾನು ಹೊರಟಾಗ ಅಳು ತಡೆಯಲಾಗದೆ ಹಿಂತಿರುಗಿ ನೋಡಿದೆ. ಅಂಗಳದಲ್ಲಿದ್ದ ಎಮ್ಮೆ ಕತ್ತು ಕೂಡ ಎತ್ತಲಿಲ್ಲ. ಅದರ ಪಾಲಿಗೆ ನಾನು ಮನೆ ಬಿಟ್ಟೇ ಇರಲಿಲ್ಲ.